ಬೆಟ್ಟ ಹತ್ತುವಾಗ ಮಿಸ್ಸಿಂಗ್: ಹಳೆಯ ಸ್ಪೋರ್ಟ್ಸ್ ಕಾರಿನ ಮೂರನೆಯ ಸಿಲಿಂಡರ್

ಪ್ರಶ್ನೆ (ಚಿಕ್ಕಬಳ್ಳಾಪುರದಿಂದ)

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಬೆಂಗಳೂರಿನಲ್ಲಿ 2012ರ ಮಾದರಿಯ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರೊಂದನ್ನು ಸೆಕೆಂಡ್‌ಹ್ಯಾಂಡ್ ಆಗಿ ಕೊಂಡೆ. ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೊ ಪೆಟ್ರೋಲ್ ಎಂಜಿನ್. ಇಂಜೆಕ್ಟರು ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಸಿಂಪಡಿಸುವ ಬಗೆಯದು. ಓಡಿರುವುದು 71,000 ಕಿ.ಮೀ. ಹೆದ್ದಾರಿಯಲ್ಲಿ ಮನೆಗೆ ತರುವಾಗ ಯಾವ ತೊಂದರೆಯೂ ಕಾಣಲಿಲ್ಲ. ಕಳೆದ ಭಾನುವಾರ ನಂದಿ ಬೆಟ್ಟ ಹತ್ತುವಾಗ ಮಾತ್ರ, ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಗಾಡಿ ಜರ್ಕ್ ಹೊಡೆಯಿತು, ಚೆಕ್ ಎಂಜಿನ್ ದೀಪ ಮಿಣುಕತೊಡಗಿತು. ಕಾಲು ಸಡಿಲಿಸಿದಾಗ ಮಿಣುಕುವುದು ನಿಂತು, ದೀಪ ಉರಿಯುತ್ತಲೇ ಉಳಿಯಿತು.

ಇದಲ್ಲದೆ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಸುಮಾರು ಒಂದು ನಿಮಿಷ ಎಂಜಿನ್ ನಡುಗಿ, ಆಮೇಲೆ ತಾನಾಗಿಯೇ ಸರಿಹೋಗುತ್ತದೆ. ಸ್ಕ್ಯಾನರ್ ಹಾಕಿಸಿದಾಗ ಪಿ0300 ಮತ್ತು ಪಿ0303 ಎಂಬ ಎರಡು ಕೋಡುಗಳು ಬಂದವು. ನೋಡಿದ ಗ್ಯಾರೇಜಿನವರು ನಾಲ್ಕು ಕಾಯಿಲ್ (ಪ್ಲಗ್ಗಿನ ಕಿಡಿಗೆ ವೋಲ್ಟೇಜ್ ಒದಗಿಸುವ ಭಾಗ), ನಾಲ್ಕು ಇಂಜೆಕ್ಟರ್ ಮತ್ತು ಹೈ ಪ್ರೆಶರ್ ಪಂಪನ್ನು ಒಟ್ಟಿಗೇ ಬದಲಿಸಬೇಕೆಂದು ಹೇಳಿದ್ದಾರೆ. ಅವರು ಹೇಳಿದ ಮೊತ್ತಕ್ಕೆ ಓಡುವ ಸ್ಥಿತಿಯ ಹಳೆಯ ಮಾರುತಿಯೊಂದು ಬರುತ್ತದೆ. ಈ ಕಾರು ತಂದದ್ದಕ್ಕೇ ಮನೆಯಲ್ಲಿ ಇನ್ನೂ ಮಾತು ಮುಗಿದಿಲ್ಲವಾದ್ದರಿಂದ, ಹಣ ಹಾಕುವ ಮುನ್ನ ತಿಳಿದವರ ಅಭಿಪ್ರಾಯ ಕೇಳುತ್ತಿದ್ದೇನೆ.

ಉತ್ತರ 1 (ತುಮಕೂರಿನ ಗ್ಯಾರೇಜಿನವರು)

ಸರ್, ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಪಿ0303 ಎಂದರೆ ಮೂರನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್ (ಸರದಿ ಬಂದಾಗ ಪೆಟ್ರೋಲು ಸರಿಯಾಗಿ ಉರಿಯದಿರುವುದು) ಇದೆ ಎಂದಷ್ಟೇ ಅರ್ಥ. ಏಕೆ ಇದೆ ಎಂಬುದನ್ನು ಆ ಕೋಡು ಹೇಳುವುದಿಲ್ಲ. ಪಿ0300 ಎಂದರೆ ಮಿಸ್ಸಿಂಗ್ ಒಂದೇ ಸಿಲಿಂಡರಿಗೆ ಸೀಮಿತವಾಗಿಲ್ಲ, ಇಲ್ಲವೇ ಯಾವುದರಲ್ಲಿ ಎಂದು ಎಂಜಿನ್ನಿನ ಕಂಪ್ಯೂಟರಾದ ಇಸಿಯುವಿಗೆ ನಿರ್ಧರಿಸಲಾಗಲಿಲ್ಲ ಎಂದು.

ಖರ್ಚಿಲ್ಲದ ಪರೀಕ್ಷೆಯೊಂದಿದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮೂರನೆಯ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೂ, ಮೂರನೆಯದರ ಪ್ಲಗ್ಗನ್ನು ನಾಲ್ಕನೆಯದಕ್ಕೂ ಹಾಕಿ, ಅಲ್ಲಿಂದ ತೆಗೆದವನ್ನು ಮೂರಕ್ಕೆ ಕೂರಿಸಿ. ಕೋಡು ಅಳಿಸಿ, ಮತ್ತೆ ಅಂಥದೇ ಏರಿನಲ್ಲಿ ಸ್ವಲ್ಪ ಓಡಿಸಿ. ಕೋಡು ಪಿ0301 ಆದರೆ ಕಾಯಿಲ್ ಕೆಟ್ಟಿದೆ, ಪಿ0304 ಆದರೆ ಪ್ಲಗ್ ಕೆಟ್ಟಿದೆ. ಪಿ0303 ಆಗಿಯೇ ಉಳಿದರೆ ಆಗ ಇಂಜೆಕ್ಟರು, ಕಂಪ್ರೆಶನ್ನಿನ (ಪಿಸ್ಟನ್ ಗಾಳಿಯನ್ನು ಅದುಮಿದಾಗ ಸಿಲಿಂಡರಿನಲ್ಲಿ ಏಳುವ ಒತ್ತಡ) ಮಾತು ಆಡೋಣ. ಕೋಡು ಅಳಿಸುವ ಮುನ್ನ ಸ್ಕ್ಯಾನರಿನಲ್ಲಿ ಫ್ರೀಜ್ ಫ್ರೇಮ್ ನೋಡಿ ಬರೆದಿಟ್ಟುಕೊಳ್ಳಿ. ಕೋಡು ಬಿದ್ದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ಲೋಡ್ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು ಎಂಬುದು ಅಲ್ಲಿರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ.

ಏರಿನಲ್ಲಿ ಮಾತ್ರ ಬರುವ ಮಿಸ್ಸಿಂಗಿಗೆ ನನ್ನ ಮೊದಲ ಅನುಮಾನ ಯಾವಾಗಲೂ ಕಿಡಿಯ ಮೇಲೆಯೇ. ಟರ್ಬೊ ಗಾಳಿ ತುಂಬಿದಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಸಂದಿಯನ್ನು ಕಿಡಿ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಐಡ್ಲಿಂಗಿನಲ್ಲಿ ಹೇಗೋ ಕೆಲಸ ಸಾಗಿಸುವ ಕಾಯಿಲು ಬೆಟ್ಟದಲ್ಲಿ ಕೈಕೊಡುವುದು ಇದರಿಂದಲೇ. ಪ್ಲಗ್ ಸವೆದು ಸಂದಿ ಅಗಲವಾಗಿದ್ದರೂ ಹೀಗೇ ಆಗುತ್ತದೆ. ಫೀಲರ್ ಗೇಜಿನಿಂದ ಅಳೆಯಿರಿ, ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಕಪ್ಪು ಗೆರೆ ಇದೆಯೇ ನೋಡಿ. ಗೆರೆಯಿದ್ದರೆ ಕಿಡಿ ತುದಿಗೆ ಹೋಗದೆ ಬದಿಯಿಂದ ಇಳಿದುಹೋಗುತ್ತಿದೆ ಎಂದರ್ಥ. ಪ್ಲಗ್ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್ಮಿನದು, ಬಿಸಿಯಿರುವಾಗ ಪ್ಲಗ್ ಬಿಚ್ಚಿದರೆ ಥ್ರೆಡ್ ಹೋಗಿಬಿಡುತ್ತದೆ.

ಉತ್ತರ 2 (ಗೌರಿಬಿದನೂರಿನಿಂದ)

ಇಷ್ಟೆಲ್ಲ ಬೇಕೇ? ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲು. 2012ರ ಗಾಡಿ ಅದಕ್ಕೆಂದು ತಯಾರಾದದ್ದಲ್ಲ. ನನಗೆ ಅನುಮಾನ ಅದರ ಮೇಲೆಯೇ.

ಉತ್ತರ 3 (ಕೋಲಾರದ ಪಾಲಿಟೆಕ್ನಿಕ್ ಉಪನ್ಯಾಸಕರು)

ಎಥನಾಲಿನ ಬಗೆಗಿನ ಅನುಮಾನ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಹಳೆಯ ಗಾಡಿಯ ರಬ್ಬರ್ ಭಾಗಗಳ ಮಟ್ಟಿಗೆ ಆ ಎಚ್ಚರ ಬೇಕು. ಆದರೆ ನಾಲ್ಕು ಸಿಲಿಂಡರಿಗೂ ಹೋಗುವುದು ಒಂದೇ ಟ್ಯಾಂಕಿನ ಪೆಟ್ರೋಲು. ದೋಷ ಅದರದಾಗಿದ್ದರೆ ಮೂರನೆಯದೊಂದೇ ಏಕೆ ತಡವರಿಸಬೇಕು? ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲಿನ ಪ್ರಮಾಣವನ್ನು ಎಷ್ಟು ಹೆಚ್ಚು ಕಡಿಮೆ ಮಾಡಿಕೊಂಡಿದೆ ಎಂಬ ಅಂಕಿ) ನೋಡಿದರೆ ಈ ಅನುಮಾನವೂ ಬಹುಮಟ್ಟಿಗೆ ಬಗೆಹರಿಯುತ್ತದೆ.

ಇಸಿಯುವಿಗೆ ಮಿಸ್ಸಿಂಗ್ ಗೊತ್ತಾಗುವುದು ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ವೇಗದಿಂದ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ 180 ಡಿಗ್ರಿಗೊಮ್ಮೆ ಒಂದು ಸಿಲಿಂಡರು ಕ್ರ್ಯಾಂಕನ್ನು ತಳ್ಳಬೇಕು. ಸರದಿ ಬಂದಾಗ ತಳ್ಳದಿದ್ದರೆ ಆ ತುಣುಕಿನಲ್ಲಿ ಕ್ರ್ಯಾಂಕಿನ ವೇಗ ಒಂದಿಷ್ಟು ಕುಗ್ಗುತ್ತದೆ, ಸೆನ್ಸರು ಅದನ್ನು ಹಿಡಿಯುತ್ತದೆ. ಹಾಗಾಗಿ ಕಿಡಿ ಹಾರದಿದ್ದರೂ, ಪೆಟ್ರೋಲು ಬಾರದಿದ್ದರೂ, ಕಂಪ್ರೆಶನ್ ಸೋರಿಹೋದರೂ ಬೀಳುವ ಕೋಡು ಒಂದೇ.

ದೀಪ ಮಿಣುಕುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹಾನಿಯಾಗುವಷ್ಟು ಮಿಸ್ಸಿಂಗ್ ಆಗುತ್ತಿದೆ ಎಂಬ ಎಚ್ಚರಿಕೆ ಅದು. ಉರಿಯದ ಪೆಟ್ರೋಲು ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದರೆ ಒಳಗಿನ ಜೇನುಗೂಡಿನಂಥ ಭಾಗ ಕರಗಲೂಬಹುದು. ಹಳೆಯ ಕಾರುಗಳಲ್ಲಿ ಮಾಡುತ್ತಿದ್ದಂತೆ ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಕಾಯಿಲ್ ಕಿತ್ತು ನೋಡುವುದನ್ನು ಇದೇ ಕಾರಣಕ್ಕೆ ಮಾಡಬೇಡಿ.

ಬೆಳಗಿನ ನಡುಕವನ್ನು ನಾನು ಬೇರೆಯದೇ ದೋಷವೆಂದು ಅನುಮಾನಿಸುತ್ತೇನೆ. ಇಂಥ ಎಂಜಿನ್‌ಗಳಲ್ಲಿ ಪೆಟ್ರೋಲು, ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವಿನ ಬೆನ್ನಿನ ಮೇಲೆ ಹರಿಯುವುದೇ ಇಲ್ಲ. ಆದ್ದರಿಂದ ಎಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್ ಕೇಸಿನಿಂದ ಬರುವ ಆಯಿಲಿನ ಆವಿ ಅಲ್ಲಿ ಕೂತು ಕಾರ್ಬನ್ನಾಗಿ ಗಟ್ಟಿಯಾದರೆ ಅದನ್ನು ತೊಳೆಯುವವರಿಲ್ಲ. ಅದು ಗಾಳಿಯ ಹರಿವನ್ನು ಕೆಡಿಸುವುದರ ಪರಿಣಾಮ ಎಂಜಿನ್ ತಣ್ಣಗಿರುವಾಗ ಹೆಚ್ಚು ಕಾಣುತ್ತದೆ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿಗಳು ಆ ವಾಲ್ವುಗಳನ್ನು ಮುಟ್ಟುವುದೇ ಇಲ್ಲವೆಂಬುದನ್ನು ಅಂಗಡಿಯವರು ಹೇಳುವುದಿಲ್ಲ. ಇನ್ನೊಂದು ಸಾಧ್ಯತೆ, ಇಂಜೆಕ್ಟರು ರಾತ್ರಿಯಿಡೀ ತೊಟ್ಟಿಕ್ಕುವುದು. ಹಾಗಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಬಿಚ್ಚಿದ ಪ್ಲಗ್ ಒದ್ದೆಯಾಗಿದ್ದು ಪೆಟ್ರೋಲಿನ ವಾಸನೆ ಬರುತ್ತದೆ. ಇಂಜೆಕ್ಟರಿನ ಪೈಪುಗಳನ್ನು ಮಾತ್ರ ನೀವೇ ಸಡಿಲಿಸಲು ಹೋಗಬೇಡಿ, ಒಳಗಿನ ಒತ್ತಡ 100 ಬಾರ್ ದಾಟಿರಬಹುದು.

ಪ್ರಶ್ನೆ ಕೇಳಿದವರು (ಒಂಬತ್ತು ದಿನಗಳ ನಂತರ)

ಹೇಳಿದಂತೆಯೇ ಮಾಡಿದೆ. ಫ್ರೀಜ್ ಫ್ರೇಮಿನಲ್ಲಿ 2,600 ಆರ್‌ಪಿಎಂ ಮತ್ತು ಹೆಚ್ಚಿನ ಲೋಡ್ ಇತ್ತು. ಮೂರನೆಯ ಕಾಯಿಲನ್ನು ಎಳೆದಾಗ ಅದರ ರಬ್ಬರಿನ ತುದಿ ಆಯಿಲಿನಲ್ಲಿ ನೆನೆದು ಉಬ್ಬಿತ್ತು. ಪ್ಲಗ್ಗಿನ ಗುಳಿಯಲ್ಲೂ ಆಯಿಲ್ ನಿಂತಿತ್ತು. ಎಂಜಿನ್ನಿನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸೋರುತ್ತಿದೆ ಎಂದು ಆಗ ತಿಳಿಯಿತು. ಅದನ್ನು ಒರೆಸಿ, ಜಾಗ ಬದಲಿಸಿ ಮತ್ತೆ ಬೆಟ್ಟಕ್ಕೆ ಹೋದಾಗ ಪಿ0301 ಬಂತು. ಪ್ಲಗ್ಗುಗಳ ಸಂದಿ 1.1 ಮಿ.ಮೀ. ಆಗಿತ್ತು, ಕೈಪಿಡಿಯಲ್ಲಿರುವುದು 0.8. ಒಂದು ಕಾಯಿಲ್, ನಾಲ್ಕು ಪ್ಲಗ್ ಮತ್ತು ಪ್ಯಾಕಿಂಗ್ ಹೊಸದು ಹಾಕಿಸಿದೆ. ಈಗ ಬೆಟ್ಟದ ತುದಿಯವರೆಗೂ ಒಂದೇ ಒಂದು ಜರ್ಕ್ ಇಲ್ಲ.

ಬೆಳಗಿನ ನಡುಕ ಮಾತ್ರ ಹಾಗೆಯೇ ಇದೆ. ಪ್ಲಗ್ಗುಗಳು ಒಣಗಿಯೇ ಇದ್ದವು. ಕಂಪ್ರೆಶನ್ ನಾಲ್ಕರಲ್ಲೂ 11.5ರಿಂದ 12 ಬಾರ್ ಬಂದಿದೆ. ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿಸಿ ವಾಲ್ವ್ ಸ್ವಚ್ಛಗೊಳಿಸಬಹುದೇ?

ಉತ್ತರ 1 (ತುಮಕೂರಿನ ಗ್ಯಾರೇಜಿನವರು)

ಸ್ವಚ್ಛಗೊಳಿಸಬಹುದು ಸರ್, ಅಂಕಿಗಳು ಚೆನ್ನಾಗಿವೆ. ಮೊದಲು ಸಣ್ಣ ಕ್ಯಾಮೆರಾ ಇಳಿಸಿ ವಾಲ್ವಿನ ಬೆನ್ನನ್ನು ನಿಮ್ಮ ಕಣ್ಣಿಗೇ ತೋರಿಸಲು ಹೇಳಿ. ಕಾರ್ಬನ್ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ. ಇದ್ದರೆ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಿಂದ ಹೊಡೆದು ತೆಗೆಯುವ ವಿಧಾನ ಒಳ್ಳೆಯದು, ಲೋಹಕ್ಕೆ ಗೀರು ಬೀಳುವುದಿಲ್ಲ. ಯಾವ ಸಿಲಿಂಡರಿಗೆ ಹೊಡೆಯುತ್ತಾರೋ ಅದರ ಇನ್‌ಟೇಕ್ ವಾಲ್ವುಗಳು ಪೂರ್ತಿ ಮುಚ್ಚಿರುವಂತೆ ಕ್ರ್ಯಾಂಕ್ ತಿರುಗಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ಪುಡಿ ಒಳಗಿಳಿಯುತ್ತದೆ. ಮ್ಯಾನಿಫೋಲ್ಡಿನ ಪ್ಯಾಕಿಂಗ್ ಹಳೆಯದನ್ನೇ ಮತ್ತೆ ಹಾಕಲು ಬಿಡಬೇಡಿ. ಬಿಚ್ಚಿದ ದಿನವೇ ಕ್ರ್ಯಾಂಕ್ ಕೇಸಿನ ಆವಿಯನ್ನು ಹದವಾಗಿ ಒಳಬಿಡುವ ಪಿಸಿವಿ ವಾಲ್ವಿನ ಡಯಾಫ್ರಾಮ್ ಹರಿದಿದೆಯೇ ಎಂದೂ ನೋಡಿಸಿ, ಆಯಿಲಿನ ಆವಿ ಅತಿಯಾಗಿ ಒಳಗೆ ಬರುವುದಕ್ಕೂ ನಿಮ್ಮ ಟ್ಯಾಪೆಟ್ ಕವರ್ ಸೋರಿದ್ದಕ್ಕೂ ಅದೇ ಮೂಲವಾಗಿರಬಹುದು.