ಫೋಕಸ್ ಕೂರುತ್ತದೋ, ಹಿಡಿಯುತ್ತದೋ?

ಶಿರಸಿಯಿಂದ ಒಂದು ಪದದ ಪ್ರಶ್ನೆ. ನನ್ನ ಹಳೆಯ ಕ್ಯಾನನ್ 1200ಡಿ ಕ್ಯಾಮೆರಾವನ್ನು ಭಾವನಿಗೆ ಕೊಟ್ಟು, ನಾನು ಸೆಕೆಂಡ್ ಹ್ಯಾಂಡ್ 80ಡಿ ತಗೊಂಡೆ. ಎರಡಕ್ಕೂ ಏನು ವ್ಯತ್ಯಾಸ ಅಂತ ಭಾವ ಕೇಳಿದ. ಕನ್ನಡದಲ್ಲೇ ಒಂದು ಪುಟ ಬರೆದುಕೊಡೋಣ ಅಂತ ಕೂತರೆ, ಎರಡನೇ ಸಾಲಿನ 'ಫೋಕಸ್' ಹತ್ತಿರವೇ ಪೆನ್ನು ನಿಂತಿತು.

ವಿಜ್ಞಾನದ ಪಠ್ಯದಲ್ಲಿ ಮಸೂರಕ್ಕೆ 'ಸಂಗಮ' ಇದೆ, ಗಣಿತದಲ್ಲಿ 'ನಾಭಿ' ಇದೆ. ಎರಡೂ ಒಂದು ಬಿಂದುವಿನ ಹೆಸರು. ಫೋಕಸ್ ಕೂಡ ಮೊದಲು ಹಾಗೇ ಇತ್ತು. ಲ್ಯಾಟಿನ್‌ನಲ್ಲಿ ಅದರ ಅರ್ಥ ಒಲೆ. 1604ರಲ್ಲಿ ಕೆಪ್ಲರ್ ಆ ಪದವನ್ನು ಗಣಿತಕ್ಕೆ ತಂದ. ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಟ್ಟವರಿಗೆ 'ಒಲೆ' ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ. ಆದರೆ ಕ್ಯಾಮೆರಾ ಹಿಡಿದವನಿಗೆ ಫೋಕಸ್ ಬಿಂದುವಲ್ಲ, ಕೆಲಸ.

ಮಳೆಗಾಲದಲ್ಲಿ ಇಬ್ಬರೂ ಸೋಂದೆಯ ಮುಂಡಿಗೆಕೆರೆಗೆ ಹೋಗಿದ್ದೆವು. ಮುಂಡಿಗೆ ಪೊದೆಗಳ ಮೇಲೆ ಬೆಳ್ಳಕ್ಕಿ ಗೂಡು ಕಟ್ಟುವ ಹೊತ್ತು. ಮೋಡ, ಮಂದ ಬೆಳಕು. ಕ್ಯಾಮೆರಾ ಎಲ್ಲಿ ಫೋಕಸ್ ಮಾಡಬೇಕೆಂದು ತೋರಿಸುವ ಬಿಂದುಗಳಲ್ಲಿ, ಭಾವ ಹಳೆಯ ಕ್ಯಾಮೆರಾದ ಅಂಚಿನದೊಂದನ್ನು ಆರಿಸಿಕೊಂಡಿದ್ದ. ಲೆನ್ಸ್ ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. 'ಕೂರ್ತೇ ಇಲ್ಲೆ ಭಾವ, ಸುಮ್ನೆ ತಡಕಾಡ್ತು' ಅಂದ. ನನಗೆ ಬೇಕಿದ್ದ ಎರಡು ಪದ ಅಲ್ಲೇ ಸಿಕ್ಕಿದವು. ಲೆನ್ಸಿನ ಈ ಓಡಾಟವನ್ನೇ ಇಂಗ್ಲಿಷಿನವರು 'ಹಂಟಿಂಗ್', ಅಂದರೆ ಬೇಟೆ, ಅನ್ನುತ್ತಾರೆ. ನನಗಂತೂ ಕತ್ತಲೆಯಲ್ಲಿ ಬೆಂಕಿಪೊಟ್ಟಣ ಹುಡುಕುವ ಕೈಯ 'ತಡಕಾಟ'ವೇ ಹೆಚ್ಚು ಸರಿ.

ಹಾಗೆ ತಡಕಾಡಲು ಕಾರಣವೂ ಇದೆ. 1200ಡಿಯಲ್ಲಿ ಒಂಬತ್ತು ಫೋಕಸ್ ಬಿಂದು. ನಡುವಿನದೊಂದಕ್ಕೆ ಮಾತ್ರ ಅಡ್ಡಗೆರೆ, ಉದ್ದಗೆರೆ ಎರಡೂ ಕಾಣುತ್ತವೆ. ಉಳಿದವಕ್ಕೆ ಒಂದೇ ದಿಕ್ಕು. 80ಡಿಯಲ್ಲಿ 45 ಬಿಂದು, ತಕ್ಕ ಲೆನ್ಸ್ ಇದ್ದರೆ ಎಲ್ಲವೂ ಎರಡೂ ದಿಕ್ಕಿನವು. ಈ 'ಕ್ರಾಸ್ ಟೈಪ್' ಬಿಂದುವಿಗೆ ನೇಯ್ಗೆಯ ಮಾತು ತಂದು 'ಹಾಸುಹೊಕ್ಕು ಬಿಂದು' ಅನ್ನಬಹುದೇ? ಭಾವನಿಗೆ ತಕ್ಷಣ ಅರ್ಥವಾಯಿತು. ಆದರೆ 'ಹಾಸುಹೊಕ್ಕಾಗಿದೆ' ಎಂದರೆ ಎಲ್ಲೆಡೆ ಹರಡಿದೆ ಎಂಬ ಅರ್ಥ ಈಗಾಗಲೇ ಗಟ್ಟಿಯಾಗಿದೆ. ಅದೊಂದು ಅನುಮಾನ.

ಇನ್ನು ಮೋಡ್‌ಗಳು. 'ಒನ್ ಶಾಟ್'ನಲ್ಲಿ ಫೋಕಸ್ ಒಮ್ಮೆ ಕೂತರೆ ಅಲ್ಲೇ ಇರುತ್ತದೆ. 'ಎಐ ಸರ್ವೋ'ದಲ್ಲಿ ಹಕ್ಕಿ ಹಾರಿದಂತೆ ಅದೂ ಹೋಗುತ್ತದೆ. ನಿಕಾನ್‌ನವರ ಎಎಫ್-ಎಸ್, ಎಎಫ್-ಸಿ ಇವೇ (ಎಎಫ್ ಅಂದರೆ ಆಟೋಫೋಕಸ್). ಮೊದಲನೆಯದು 'ಕೂರುವುದು', ಎರಡನೆಯದು 'ಬೆನ್ನು ಹತ್ತುವುದು' ಎಂದು ಬರೆದಿದ್ದೇನೆ. ಫೋಕಸ್‌ಗೆ ಹೊಸ ನಾಮಪದ ಹುಡುಕುವ ಕೆಲಸ ಬಿಟ್ಟುಬಿಟ್ಟೆ. ಅದು ಹಾಗೇ ಇರಲಿ. ಕೂರು, ಹಿಡಿ, ತಡಕಾಡು, ಬೆನ್ನು ಹತ್ತು, ತಪ್ಪು: ಸೂಕ್ಷ್ಮವೆಲ್ಲ ಈ ಕ್ರಿಯಾಪದಗಳಲ್ಲೇ ಇದೆ ಅಲ್ವಾ?

ಗುಂಡಿಗಳಲ್ಲೂ ಹೀಗೇ. 80ಡಿ ಬೆನ್ನಿನಲ್ಲಿ ಎಎಫ್-ಆನ್ ಗುಂಡಿ ಇದೆ. ಶಟರ್‌ನಿಂದ ಫೋಕಸ್ ಕೆಲಸ ತೆಗೆದು ಇದಕ್ಕೇ ಕೊಟ್ಟರೆ, ಹೆಬ್ಬೆರಳು ಇದನ್ನು ಅದುಮಿ ಹಿಡಿದಷ್ಟು ಹೊತ್ತು ಫೋಕಸ್ ಹಕ್ಕಿಯ ಬೆನ್ನು ಹತ್ತಿರುತ್ತದೆ. ತೋರುಬೆರಳು ಶಟರ್ ಒತ್ತುತ್ತದೆ, ಅಷ್ಟೇ. 'ಅದುಮು' ಅಂದರೆ ಒತ್ತಿ ಹಿಡಿದಿರುವುದು, 'ಒತ್ತು' ಅಂದರೆ ಒತ್ತಿ ಬಿಡುವುದು. ಈ ವ್ಯತ್ಯಾಸ ನಿಮ್ಮ ಕಡೆಯೂ ಇದೆಯೇ? ಹಳೆಯದರಲ್ಲಿ ಡಯಲ್ ಒಂದೇ. ಎಲ್ಲವನ್ನೂ ನಾವೇ ಹೊಂದಿಸುವ ಎಂ ಮೋಡ್‌ನಲ್ಲಿ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಬದಲಿಸಲು ಒಂದು ಗುಂಡಿ ಅದುಮಿಕೊಂಡೇ ಅದನ್ನು ತಿರುಗಿಸಬೇಕು. ಹೊಸದರಲ್ಲಿ ಹಿಂದೆಯೂ ಒಂದು ಚಕ್ರವಿದೆ. ಡಯಲ್‌ಗೆ 'ತಿರುಗಣೆ' ಬರೆದು ಹೊಡೆದುಹಾಕಿ 'ಚಕ್ರ' ಮಾಡಿದೆ. ಭಾವ ಅದನ್ನೇ ಹೇಳುವುದು.

ಉಳಿದದ್ದು ಫೋಕಸ್ ಕೂರಿಸಲು ಶಟರ್ ಗುಂಡಿಯನ್ನು ಅರ್ಧ ಮಾತ್ರ ಇಳಿಸುವ 'ಹಾಫ್ ಪ್ರೆಸ್'. 'ಅರ್ಧ ಒತ್ತು' ಅಂದರೆ ಭಾವನ ಬೆರಳು ಪೂರ್ತಿ ಇಳಿದುಬಿಡುತ್ತದೆ. ಬೆರಳು ಗುಂಡಿಯ ಮೇಲೆ ಭಾರ ಬಿಟ್ಟು, ಇನ್ನೂ ಪೂರ್ತಿ ಒತ್ತದೆ ನಿಲ್ಲುವ ಆ ಸ್ಥಿತಿಗೆ ಕಾರವಾರ, ಕುಮಟಾ ಕಡೆ ಅಥವಾ ಬೇರೆಲ್ಲಾದರೂ ಒಂದೇ ಕ್ರಿಯಾಪದ ಇದೆಯೇ? ಬಂದೂಕು ಹಿಡಿದ ಹಿರಿಯರ ಮಾತಿನಲ್ಲಿ ಇದ್ದರೂ ಇರಬಹುದು. ಕೇಳಿದವರು ತಿಳಿಸಿ.