ಗ್ಯಾರೇಜನ್ನು ವಾಸದ ಕೋಣೆ ಮಾಡುವಾಗ ಇನ್ಸುಲೇಶನ್ (ಶಾಖ ತಡೆ): ಪ್ರಶ್ನೋತ್ತರ

ಕಟ್ಟಡ ಎಂಜಿನಿಯರ್: ಪ್ರಶ್ನೆ ಕೇಳುವವರು ಮೂರು ವಿಷಯ ತಪ್ಪದೆ ಬರೆಯಿರಿ: ಗೋಡೆಯ ದಪ್ಪ, ಚಾವಣಿ ಯಾವುದು, ಕೋಣೆಗೆ ಹಾಕುವುದು ಎಸಿಯೋ ಹೀಟರೋ.

ಕೆಂಪಿಟ್ಟಿಗೆ: ಮೇಡಂ, ನಾಲ್ಕೂವರೆ ಇಂಚಿನ ಒಂಟಿ ಇಟ್ಟಿಗೆ ಗೋಡೆ, ಕಾಂಕ್ರೀಟ್ ಚಾವಣಿ, ಎಸಿ. ಒಳಗಡೆಯಿಂದ ಗೋಡೆಗೇ ಥರ್ಮಾಕೋಲ್ ಅಂಟಿಸಿದರೆ ಸಾಕಾ?

ಕಟ್ಟಡ ಎಂಜಿನಿಯರ್: ಬೇಡ. ಒಂಟಿ ಇಟ್ಟಿಗೆ ಗೋಡೆ ಮಳೆನೀರನ್ನು ಒಳಮೈವರೆಗೂ ಎಳೆಯುತ್ತದೆ. ಶೀಟಿನ ಹಿಂದೆ ಸಿಕ್ಕಿದ ನೀರಿಗೆ ಆರಲು ದಾರಿಯಿಲ್ಲ, ಬೂಷ್ಟು ಹಿಡಿಯುತ್ತದೆ. ಮೊದಲು ಹೊರಗಿನ ಗಿಲಾವಿನ ಬಿರುಕು ಮುಚ್ಚಿಸಿ. ಆಮೇಲೆ ಗೋಡೆಯಿಂದ 50 ಮಿ.ಮೀ. ಬಿಟ್ಟು ಜಿಐ (ಸತು ಲೇಪಿಸಿದ ಉಕ್ಕಿನ) ಫ್ರೇಮ್ ನಿಲ್ಲಿಸಿ, ನೆಲಕ್ಕೂ ಚಾವಣಿಗೂ ಮಾತ್ರ ಬಿಗಿಯಿರಿ. ಕೆಳಪಟ್ಟಿಯ ಅಡಿ ಡಿಪಿಸಿ (ತೇವ ಮೇಲೇರದಂತೆ ತಡೆಯುವ) ಶೀಟು. ಫ್ರೇಮಿನೊಳಗೆ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಅದು ಗೋಡೆಯ ಕಡೆ ಬಾಗದಂತೆ ಹಿಂದೆ ಉಸಿರಾಡುವ (ಆವಿ ದಾಟಲು ಬಿಡುವ) ಪೊರೆ, ಮುಂದೆ 12.5 ಮಿ.ಮೀ. ಜಿಪ್ಸಮ್ ಬೋರ್ಡ್. ಲೋಹದ ಪಟ್ಟಿ ಶಾಖ ದಾಟಿಸುತ್ತದೆ, ಪಟ್ಟಿಗೂ ಬೋರ್ಡಿಗೂ ನಡುವೆ ಫೋಮ್ ಟೇಪ್ ಇರಲಿ.

ಹಳೇ ನೆಲ: ನೆಲಕ್ಕೆ ಏನು ಮಾಡಬೇಕು ಮೇಡಂ? ಶಟರ್ ತೆಗೆದು ಗೋಡೆ ಕಟ್ಟುವ ಕಡೆ ಪಾಯ ಬೇಕಾ?

ಕಟ್ಟಡ ಎಂಜಿನಿಯರ್: 45 ಸೆಂ.ಮೀ. ಚೌಕದ ಪಾಲಿಥಿನ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಾಕಿ ಕನಿಷ್ಠ 16 ಗಂಟೆ ಬಿಡಿ. ಅಡಿಯಲ್ಲಿ ಹನಿ ಕಂಡರೆ, ಕಾಂಕ್ರೀಟು ಕಪ್ಪಾಗಿದ್ದರೆ ತೇವ ಏರುತ್ತಿದೆ ಎಂದರ್ಥ. ಶಟರ್ ಕಡೆಗಿರುವ ಇಳಿಜಾರನ್ನು ಮೊದಲು ಸಮ ಮಾಡಿ. ಮೇಲೆ 300 ಮೈಕ್ರಾನ್ ಹಾಳೆ, ಅಂಚುಗಳು ಗೋಡೆಯ ಡಿಪಿಸಿವರೆಗೆ ಏರಬೇಕು. ಅದರ ಮೇಲೆ 50 ಮಿ.ಮೀ. ಎಕ್ಸ್‌ಪಿಎಸ್ (ಗಟ್ಟಿ ಫೋಮ್ ಹಲಗೆ), ಮತ್ತೊಂದು ಹಾಳೆ, 75 ಮಿ.ಮೀ. ಸ್ಕ್ರೀಡ್ (ಸಿಮೆಂಟ್-ಮರಳಿನ ಪದರ). ಸ್ಕ್ರೀಡ್ ಗೋಡೆಗೆ ತಾಗದಂತೆ ಸುತ್ತಲೂ 25 ಮಿ.ಮೀ. ಎಕ್ಸ್‌ಪಿಎಸ್ ಪಟ್ಟಿ ನಿಲ್ಲಿಸಿ. ನೆಲ 125 ಮಿ.ಮೀ. ಏರುತ್ತದೆ, ಬಾಗಿಲಿನ ಎತ್ತರ ಈಗಲೇ ಅಳೆದುಕೊಳ್ಳಿ.

ಮನೆಮದ್ದು: ಫಾರ್ವರ್ಡ್ ಬಂದಿದೆ: 4 ಮಿ.ಮೀ. ಬೆಳ್ಳಿ ಬಬಲ್ ಶೀಟು 100 ಮಿ.ಮೀ. ರಾಕ್‌ವೂಲಿಗೆ ಸಮ. ಗೋಡೆಗೆ ಅಂಟಿಸಿದರೆ ಮುಗೀತು.

ಕಟ್ಟಡ ಎಂಜಿನಿಯರ್: ಸುಳ್ಳು. ಆ ಶೀಟಿನ ಶಾಖ ತಡೆ (ಆರ್-ಮೌಲ್ಯ, ಹೆಚ್ಚಿದ್ದಷ್ಟೂ ಒಳ್ಳೆಯದು) ಸುಮಾರು 0.1, 100 ಮಿ.ಮೀ. ರಾಕ್‌ವೂಲಿನದು 2.7. ಹೊಳೆಯುವ ಮೈ ಕೆಲಸ ಮಾಡುವುದು ಎದುರಿಗೆ 20 ಮಿ.ಮೀ. ಗಾಳಿ ಇದ್ದರೆ ಮಾತ್ರ. ಅಂಟಿಸಿದರೆ ಅದೂ ಇಲ್ಲ.

ಮರಗೆಲಸದವ: ಗೋಡೆಗೆ ಆವಿ ತಡೆಯುವ ಪಾಲಿಥಿನ್ ಹಾಳೆ ಮರೆತಿರಿ. ಯಾವಾಗಲೂ ಒಳಬದಿಗೆ, ಬೋರ್ಡಿನ ಹಿಂದೆ ಹಾಕಬೇಕು.

ಎಸಿ ಮೆಕ್ಯಾನಿಕ್: ಯಾವಾಗಲೂ ಅಂದರೇನು? ಎಸಿ ಕೋಣೆಯಲ್ಲಿ ಬೋರ್ಡು 24 ಡಿಗ್ರಿ ಇರುತ್ತೆ. ಹೊರಗಿನ ಗಾಳಿ 32 ಡಿಗ್ರಿ, ತೇವಾಂಶ ಶೇ. 75 ಇದ್ದರೆ ಅದು 27ಕ್ಕೇ ಇಬ್ಬನಿ ಕಟ್ಟುತ್ತೆ. ಹಾಳೆಯ ಹಿಂಬದಿಗೆ ನೀರಿಳಿದು ರಾಕ್‌ವೂಲ್ ನೆನೆಯುತ್ತೆ.

ಮರಗೆಲಸದವ: ಇದೆಲ್ಲ ಕಾಗದದ ಲೆಕ್ಕ.

ಎಸಿ ಮೆಕ್ಯಾನಿಕ್: ಹಾಗಾದರೆ ಬೋರ್ಡು ಬಿಚ್ಚಿ ಕೈಯಿಟ್ಟು ನೋಡಿ ಸ್ವಾಮಿ.

ಅತ್ತೆಯ ಕೋಣೆ: ಮೇಡಂ, ಗ್ಯಾರೇಜಿನ ಹಿಂಭಾಗ ಅತ್ತೆಗೆ ಮಲಗಲು ಮಾಡಿದ್ದೇವೆ, ಮುಂಭಾಗದಲ್ಲಿ ಕಾರು. ನಡುವೆ ಪ್ಲೈವುಡ್, ಅದರಲ್ಲೊಂದು ಬಾಗಿಲು. ಗ್ಯಾಸ್ ಗೀಸರ್ ಕೋಣೆಯ ಮೂಲೆಯಲ್ಲೇ ಇದೆ, ಹೊಗೆ ಕೊಳವೆ ಇಲ್ಲ. ಸಂದುಗಳಿಗೆಲ್ಲ ಫೋಮ್ ತುಂಬಿ ಆಯಿತು. ಶೀಟಿನ ಚಾವಣಿಗೆ ಏನು ಹಾಕಲಿ?

ಕಟ್ಟಡ ಎಂಜಿನಿಯರ್: ಚಾವಣಿ ಆಮೇಲೆ. ಇವತ್ತು ರಾತ್ರಿ ಆ ಕೋಣೆಯಲ್ಲಿ ಯಾರೂ ಮಲಗಬೇಡಿ. ಗೀಸರ್ ಬಂದ್ ಮಾಡಿ.

ಕೊಳವೆ ಇಲ್ಲದ ಗೀಸರ್ ಕೋಣೆಯ ಗಾಳಿಯನ್ನೇ ಉರಿಸಿ ಹೊಗೆಯನ್ನು ಅಲ್ಲಿಗೇ ಬಿಡುತ್ತದೆ. ಗ್ಯಾರೇಜಿನ ಸಂದುಗಳಲ್ಲಿ ಗಾಳಿಯಾದರೂ ಆಡುತ್ತಿತ್ತು, ಫೋಮ್ ಅದನ್ನೂ ನಿಲ್ಲಿಸಿದೆ. ಆಮ್ಲಜನಕ ಇಳಿದಂತೆ ಗ್ಯಾಸ್ ಅರ್ಧಂಬರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಲವಾಗಿ ಅಂಟುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆ ಬಂದು ಹೊರಗೆ ಹೋದರೆ ಕಡಿಮೆಯಾಗುತ್ತದೆ. ನಿದ್ದೆಯಲ್ಲಿರುವವರು ಏಳದೇ ಹೋಗಬಹುದು.

ಗೀಸರ್ ಗೋಡೆಯಾಚೆ ಬಯಲಿಗೆ ಹೋಗಲಿ, ಇಲ್ಲವೇ ವಿದ್ಯುತ್ತಿನದು ಹಾಕಿಸಿ. ಎಕ್ಸಾಸ್ಟ್ ಫ್ಯಾನ್ ಪರಿಹಾರವಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಕಾರಿನ ಕಡೆಯ ಗಾಳಿಯನ್ನು ಒಳಕ್ಕೆಳೆಯುತ್ತದೆ. ಪ್ಲೈವುಡ್ ತೆಗೆದು ಬ್ಲಾಕ್ ಗೋಡೆ ಕಟ್ಟಿ ಎರಡೂ ಬದಿ ಗಿಲಾವು ಮಾಡಿಸಿ, ಚಾವಣಿ ಶೀಟಿಗೆ ತಾಗುವವರೆಗೆ, ಫಾಲ್ಸ್ ಸೀಲಿಂಗಿಗೆ ನಿಲ್ಲಿಸಬೇಡಿ. ಕಾರಿನ ಕಡೆ ಬಾಗಿಲು ಬೇಡ. ವೈರ್, ಪೈಪ್ ದಾಟುವ ತೂತುಗಳಿಗೆ ಬೆಂಕಿ ತಡೆಯುವ ಸೀಲಂಟ್. ಅತ್ತೆ ಹೊರಬರಲು ಬೇರೆ ಬಾಗಿಲು, ಜೊತೆಗೆ ಒಳಗಿನಿಂದ ತೆರೆಯುವ, ಸರಳು ಕೂರಿಸದ ಕಿಟಕಿ: ಅಗಲ 450, ಎತ್ತರ 750 ಮಿ.ಮೀ. ತೆರವಿರಲಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿ, ಆದರೆ ಅದನ್ನು ನಂಬಿ ಇದರಲ್ಲಿ ಯಾವುದನ್ನೂ ಬಿಡಬೇಡಿ.

ಅತ್ತೆಯ ಕೋಣೆ: ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕು ಎನ್ನುತ್ತಾರೆ ಪ್ಲಂಬರ್.

ಕಟ್ಟಡ ಎಂಜಿನಿಯರ್: ಸಾಲದು. ಮಳೆ ಬಂದ ರಾತ್ರಿ ಅದೇ ಕಿಟಕಿ ಮುಚ್ಚುತ್ತೀರಿ.

ಮನೆಮದ್ದು: ಮೂಲೆಯಲ್ಲಿ ಇದ್ದಿಲಿನ ಚೀಲ ಇಟ್ಟರೆ ವಿಷಾನಿಲ ಹೀರುತ್ತಂತೆ.

ಕಟ್ಟಡ ಎಂಜಿನಿಯರ್: ಇದ್ದಿಲು ಕಾರ್ಬನ್ ಮಾನಾಕ್ಸೈಡನ್ನು ಹಿಡಿಯುವುದಿಲ್ಲ. ಇದನ್ನು ನಂಬಿದವರು ಸಾಯುತ್ತಾರೆ. ಪೋಸ್ಟ್ ಅಳಿಸಿ.

ಮನೆಮದ್ದು: ಒಳ್ಳೇದಕ್ಕೆ ಹಾಕಿದ್ದು. ಮಾತು ಸ್ವಲ್ಪ ನೋಡಿಕೊಂಡು ಆಡಿ.

ಹೊಸ ಸದಸ್ಯ: ಗೋಡೆಗೆ ನೇರ ಥರ್ಮಾಕೋಲ್ ಅಂಟಿಸಬಹುದಾ?

ಕಟ್ಟಡ ಎಂಜಿನಿಯರ್: ಮೇಲೆ ಓದಿ.

ಎಸಿ ಮೆಕ್ಯಾನಿಕ್: ಪಿವಿಸಿ ವೈರಿಗೆ ಥರ್ಮಾಕೋಲ್ ತಾಗಿದರೆ ವೈರಿನ ಹೊದಿಕೆ ಪೆಡಸಾಗಿ ಬಿರಿಯುತ್ತೆ. ಪೈಪಿನೊಳಗೆ ಎಳೆಯಿರಿ.

ಮರಗೆಲಸದವ: ಎಲ್ಲದಕ್ಕೂ ನಿಮ್ಮದೊಂದು ಮಾತು ಇರಲೇಬೇಕಾ? ಹಾಳೆ ಒಳಗೋ ಹೊರಗೋ, ಮೇಡಂ ಹೇಳಲಿ.

ಕಟ್ಟಡ ಎಂಜಿನಿಯರ್: ಬೆಚ್ಚಗಿನ, ತೇವದ ಗಾಳಿ ಇರುವ ಕಡೆಗೆ. ಹೀಟರ್ ಕೋಣೆಗೆ ಒಳಬದಿ, ಎಸಿ ಕೋಣೆಗೆ ಹೊರಬದಿ. ಎರಡನ್ನೂ ಬಳಸುವ ಕೋಣೆಗೆ ಪಾಲಿಥಿನ್ ಬೇಡ, ಗೋಡೆ ಎರಡೂ ಕಡೆ ಆರಲಿ. ಈ ಜಗಳ ಇಲ್ಲಿಗೆ ನಿಲ್ಲಿಸಿ.

ಹಳೇ ನೆಲ: ಪಾಯದ ಪ್ರಶ್ನೆ ಎರಡನೇ ಸಲ ಕೇಳುತ್ತಿದ್ದೇನೆ.

ಕಟ್ಟಡ ಎಂಜಿನಿಯರ್: ಅತ್ತೆಯ ಕೋಣೆಯವರೇ, ಗೀಸರ್ ಏನಾಯಿತು? ಬರೆಯಿರಿ.

ಅತ್ತೆಯ ಕೋಣೆ: ರೆಗ್ಯುಲೇಟರ್ ಬಿಚ್ಚಿ ಸಿಲಿಂಡರ್ ಹೊರಗಿಟ್ಟೆವು. ಅತ್ತೆ ನಡುಮನೆಯಲ್ಲಿ ಮಲಗಿದ್ದಾರೆ.

ಕಟ್ಟಡ ಎಂಜಿನಿಯರ್: ಒಳ್ಳೆಯದು. ಈಗ ಚಾವಣಿ: ಶೀಟಿನ ಕೆಳಗೆ 50 ಮಿ.ಮೀ. ಗಾಳಿಯ ದಾರಿ, ಎರಡೂ ತುದಿ ತೆರೆದು ಜಾಲರಿ ಕಟ್ಟಿ. ಅದರ ಕೆಳಗೆ 100 ಮಿ.ಮೀ. ರಾಕ್‌ವೂಲ್, ಆಮೇಲೆ ಬೋರ್ಡು. ರಾಕ್‌ವೂಲನ್ನು ಒತ್ತಿ ತುರುಕಬೇಡಿ, 50 ಮಿ.ಮೀ.ಗೆ ಅಮುಕಿದರೆ ಶಾಖ ತಡೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ನಡುಗೋಡೆ ಮುಗಿಯುವ ಮೊದಲು ಚಾವಣಿ ಶುರು ಮಾಡಬೇಡಿ.