ಆರ್‌ಸಿ ಮಾಡೆಲ್ ಪ್ಲೇನ್‌ನ 46 ಇಂಜಿನ್ ತೆಗೆದು ಮೋಟರ್ ಹಾಕಿದವರು ಇದ್ದೀರಾ?

ಕ್ಯಾತ್ಸಂದ್ರ ಟ್ರೈನರ್:
ಮಾವ ಕೊಟ್ಟ ಹಳೇ ಟ್ರೈನರ್ ಇದೆ, ಹಾರಿಸಲು ಕಲಿಯುವವರ ರಿಮೋಟ್ ಪ್ಲೇನ್. 46 (0.46 ಘನ ಇಂಚಿನ) ಗ್ಲೋ ಇಂಜಿನ್, ರೆಕ್ಕೆ ಐದಡಿ, ತೂಕ 2.4 ಕೆಜಿ. ಫ್ಯೂಯಲ್ ಸಿಗುವುದೇ ಕಷ್ಟ, ಎಲೆಕ್ಟ್ರಿಕ್ ಮಾಡೋಣ ಅಂತಿದ್ದೇನೆ. ಮೋಟರ್ ಲೆಕ್ಕ ಆಗಿದೆ. ನನ್ನ ಪ್ರಶ್ನೆ ಒಂದೇ. ರೆಕ್ಕೆ ಬಿಚ್ಚದೆ ಬ್ಯಾಟರಿ ತೆಗೆಯಲು ಟ್ಯಾಂಕ್ ಜಾಗದ ಮೇಲ್ಗಡೆ ಕತ್ತರಿಸಿದರೆ ಮೂತಿಗೆ ಬಲ ಉಳಿಯುತ್ತಾ? ಮಾಡಿದವರು ಅನುಭವ ಹೇಳಿ.

ಗುಬ್ಬಿ ಗಾಳಿಪಟ:
ಎಲೆಕ್ಟ್ರಿಕ್ ಅಗ್ಗ ಅನ್ನುವವರು ನನ್ನ ಚೀಟಿ ನೋಡಲಿ. 700 ಕೆವಿ (ವೋಲ್ಟ್‌ಗೆ ನಿಮಿಷಕ್ಕೆ 700 ಸುತ್ತು) ಮೋಟರ್ 3,500. ಮೋಟರ್ ವೇಗ ನಿಯಂತ್ರಿಸುವ 60 ಆಂಪಿಯರ್ ಇಎಸ್‌ಸಿ 3,200. 4ಎಸ್ 5000 (ನಾಲ್ಕು ಸೆಲ್, 5000 ಎಂಎಎಚ್) ಲೈಪೋ ಬ್ಯಾಟರಿ ಎರಡು, 11,000. ಚಾರ್ಜರ್ 4,000. ಪ್ರಾಪ್ (ಪ್ರೊಪೆಲರ್), ಪ್ಲೈವುಡ್, ಕನೆಕ್ಟರ್, ದಪ್ಪ ವೈರ್ ಅಂತ 1,200. ಒಟ್ಟು 22,900. ಮನೆಯಲ್ಲಿ ಹೇಳಿದ್ದು ಎಂಟು ಸಾವಿರ, ಅದು ಬೇರೆ ಮಾತು.

ದುಡ್ಡಿಗಿಂತ ಜಾಸ್ತಿ ಗೋಳಾಡಿಸಿದ್ದು ಗ್ಲೋ ಫ್ಯೂಯಲ್‌ನಲ್ಲಿದ್ದ ಹರಳೆಣ್ಣೆ. ವರ್ಷಗಟ್ಟಲೆ ಫ್ಯೂಯಲ್ ಕುಡಿದ ಫೈರ್‌ವಾಲ್ (ಇಂಜಿನ್ ಕೂರುವ ಮೂತಿಯ ಹಲಗೆ) ಮೇಲೆ ಎಪಾಕ್ಸಿ ಅಂಟು ಹಿಡಿಯಲ್ಲ. ಮೋಟರ್ ಕೂರಿಸುವ ಪ್ಲೈ ಡಬ್ಬಿ ಬೆರಳಲ್ಲಿ ಒತ್ತಿದರೆ ಬಾಳೆಹಣ್ಣಿನ ಸಿಪ್ಪೆ ಹಾಗೆ ಎದ್ದು ಬಂತು. ಕಾರ್ನ್‌ಫ್ಲೋರ್ ಮೆತ್ತಿ, ಹೇರ್ ಡ್ರೈಯರ್ ಹಿಡಿದು, ಕೆರೆದು, ಮತ್ತೆ ಮೆತ್ತಿ. ಹಿಟ್ಟು ಹಳದಿಯಾಗುವುದು ನಿಂತ ಮೇಲೆ ಥಿನ್ನರ್‌ನಲ್ಲಿ ಒರೆಸಿ ಅಂಟಿಸಿದೆ. ಜೊತೆಗೆ ನಾಲ್ಕು ಬೋಲ್ಟ್. ಈಗ 13x6.5 ಇಂಚಿನ ಪ್ರಾಪ್‌ಗೆ ಪೂರ್ತಿ ಥ್ರಾಟಲ್‌ನಲ್ಲಿ 40 ಆಂಪಿಯರ್, 560 ವ್ಯಾಟ್. ಸಾಕಾಗಿ ಮಿಗುತ್ತದೆ.

ಬಂಗಾರಪೇಟೆ ಗ್ಲೋ:
22,900ಕ್ಕೆ ನಾನು ಎಷ್ಟು ವರ್ಷ ಫ್ಯೂಯಲ್ ಹಾಕಬಹುದು ಗೊತ್ತಾ? ಟ್ಯಾಂಕ್ ತುಂಬಿಸಿದರೆ ಎರಡು ನಿಮಿಷದಲ್ಲಿ ಮತ್ತೆ ಗಾಳಿಯಲ್ಲಿ. ನಿಮ್ಮದು ಒಂದು ಗಂಟೆ ಚಾರ್ಜ್. ನನ್ನ ಭಾವಮೈದ ಹೀಗೇ ಎಲೆಕ್ಟ್ರಿಕ್ ಮಾಡಿಸಿ, ಕೆರೆ ಅಂಗಳದಲ್ಲಿ ಬೈಕ್ ಬ್ಯಾಟರಿಯಿಂದ ಚಾರ್ಜ್ ಹಾಕಿದ. ಬೈಕ್ ತಳ್ಳಿಕೊಂಡೇ ಮನೆಗೆ ಬಂದ. ಫ್ಯೂಯಲ್ ಖರ್ಚಾದರೆ ಪ್ಲೇನ್ ಹಗುರಾಗಿ ಇಳಿಯುತ್ತದೆ. ಲೈಪೋ ಖಾಲಿಯಾದರೂ ಅದೇ ಅರ್ಧ ಕೆಜಿ ಹೊತ್ತುಕೊಂಡು ಇಳಿಯಬೇಕು.

ಗುಬ್ಬಿ ಗಾಳಿಪಟ:
ಬೈಕ್ ಬ್ಯಾಟರಿ 12 ವೋಲ್ಟ್, 5 ಆಂಪಿಯರ್ ಅವರ್ ಅಂದರೆ 60 ವ್ಯಾಟ್ ಅವರ್. ಆ ಲೈಪೋ 4ಎಸ್ 5000 ಆಗಿದ್ದರೆ 74. ಲೆಕ್ಕ ಬರದಿದ್ದರೆ ಬ್ಯಾಟರಿ ಏನು ಮಾಡುತ್ತೆ ಸ್ವಾಮಿ? ಕಾರ್ ಬ್ಯಾಟರಿಯಿಂದ ಹಾಕಬೇಕು. ಟ್ಯಾಂಕ್ ಖಾಲಿಯಾಗುತ್ತಾ ಸಿಜಿ (ತೂಕದ ಕೇಂದ್ರ) ಹಿಂದಕ್ಕೆ ಜರುಗುತ್ತಲ್ಲ, ಅದನ್ನ ಯಾಕೆ ಹೇಳಲ್ಲ?

ಚಿಂತಾಮಣಿ ಸರ್ವೋ:
ಇಬ್ಬರೂ ಸುಮ್ನಿರಿ. ಪ್ಲೇನ್ ಕೆಡವುವುದು ಬಿಇಸಿ, ಅಂದರೆ ಮೋಟರ್ ಬ್ಯಾಟರಿಯಿಂದಲೇ ರಿಮೋಟ್ ಸಿಗ್ನಲ್ ಹಿಡಿಯುವ ರಿಸೀವರ್‌ಗೂ, ರೆಕ್ಕೆ-ಬಾಲದ ಪಟ್ಟಿ ಆಡಿಸುವ ಸರ್ವೋಗಳಿಗೂ ಕರೆಂಟ್ ಕೊಡುವ ಭಾಗ. ಇಎಸ್‌ಸಿ ಒಳಗಿನ ಲೀನಿಯರ್ ಬಿಇಸಿ ತುಂಬಿದ 4ಎಸ್‌ನ 16.8 ವೋಲ್ಟನ್ನು 5ಕ್ಕೆ ಇಳಿಸಬೇಕು, ಮಿಕ್ಕಿದ್ದೆಲ್ಲ ಬಿಸಿ. ಅಂಗಡಿಯವನು "ನಾಲ್ಕು ಸರ್ವೋ ತಾನೇ, ಏನೂ ಆಗಲ್ಲ ಸಾರ್" ಅಂದ. ನೆಲದ ಮೇಲೆ ಏನೂ ಆಗಲಿಲ್ಲ ನಿಜ. ಆಷಾಢದ ಗಾಳಿಯಲ್ಲಿ ಸರ್ವೋಗಳಿಗೆ ಪುರುಸೊತ್ತಿಲ್ಲ. ಬಿಇಸಿ ಕಾದು ಕೈಕೊಟ್ಟಿತು, ರಿಸೀವರ್ ಆಫ್. ಟೊಮೆಟೊ ತೋಟದ ಕಡ್ಡಿಗಳ ಮಧ್ಯೆ ಬಿತ್ತು. ರೆಕ್ಕೆ ಮೂರು ತುಂಡು. ತೋಟದವರಿಗೆ 500 ಕೊಟ್ಟೆ, ಬುಟ್ಟಿ ಹಣ್ಣೂ ಕೊಡಲಿಲ್ಲ. ಈಗ 650 ರೂಪಾಯಿಯ ಯುಬಿಇಸಿ (ಪ್ರತ್ಯೇಕ ಬಿಇಸಿ) ಹಾಕಿದ್ದೇನೆ. ಇಎಸ್‌ಸಿಯಿಂದ ರಿಸೀವರ್‌ಗೆ ಹೋಗುವ ಕೆಂಪು ವೈರ್ ಕಿತ್ತು ಟೇಪ್ ಸುತ್ತಿದೆ.

ಬಂಗಾರಪೇಟೆ ಗ್ಲೋ:
ನೋಡಿ, ಇಂಜಿನ್ ಸತ್ತರೂ ನನ್ನ ಸರ್ವೋ ಸಾಯಲ್ಲ. ರಿಸೀವರ್‌ಗೆ ಬೇರೇನೇ ಬ್ಯಾಟರಿ.

ಚಿಂತಾಮಣಿ ಸರ್ವೋ:
ಸತ್ತ ಇಂಜಿನ್ ಇಟ್ಟುಕೊಂಡು ಎಲ್ಲಿ ಇಳಿಸುತ್ತೀರಿ, ನೀಲಗಿರಿ ತೋಪಿನಲ್ಲಾ?

ನಂದಿ ತಪ್ಪಲು:
ನೀವ್ಯಾರಾದರೂ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಏರ್‌ಸ್ಪೇಸ್ ಮ್ಯಾಪ್ ನೋಡಿ ಹಾರಿಸುತ್ತೀರಾ? ನಮ್ಮ ಕಡೆ ದೇವನಹಳ್ಳಿ ಹತ್ತಿರ.

ಬಂಗಾರಪೇಟೆ ಗ್ಲೋ:
ಇದು ಡ್ರೋನ್ ಅಲ್ಲ ಗುರುಗಳೇ.

ನಂದಿ ತಪ್ಪಲು:
2021ರ ಡ್ರೋನ್ ನಿಯಮ ಓದಿ. 25 ಕೆಜಿಯೊಳಗೆ, ಕಣ್ಣಳತೆಯಲ್ಲಿ, ಮೋಜಿಗೆ ಹಾರಿಸುವ ಮಾಡೆಲ್ ಕೂಡ ಅದರಲ್ಲಿ ಬರುತ್ತದೆ. ಹರಳೆಣ್ಣೆ ಕುಡಿದರೂ ಅದೇ ನಿಯಮ.

ಕ್ಯಾತ್ಸಂದ್ರ ಟ್ರೈನರ್:
ಮೇಲ್ಗಡೆ ಕತ್ತರಿಸಬಹುದಾ ಅಂತ ಕೇಳಿದ್ದೆ.

ಗುಬ್ಬಿ ಗಾಳಿಪಟ:
ಕತ್ತರಿಸಿ. ಫೈರ್‌ವಾಲ್, ಫಾರ್ಮರ್ (ಒಳಗಿನ ಅಡ್ಡ ಚೌಕಟ್ಟು) ಮುಟ್ಟಬೇಡಿ. ಒಳ ಅಂಚಿಗೆ ಪ್ಲೈ ಪಟ್ಟಿ ಅಂಟಿಸಿ, ಮುಚ್ಚಳಕ್ಕೆ ಮ್ಯಾಗ್ನೆಟ್.

ಬಂಗಾರಪೇಟೆ ಗ್ಲೋ:
ಇಂಜಿನ್ ಮಾರುತ್ತೀರಾ? ಸೈಲೆನ್ಸರ್ ಸಮೇತ 2,500 ಕೊಡುತ್ತೇನೆ.

ಗುಬ್ಬಿ ಗಾಳಿಪಟ:
46ಕ್ಕೆ 2,500ಆ? ಕೊಡಬೇಡಿ.

ಬಂಗಾರಪೇಟೆ ಗ್ಲೋ:
ನಿಮ್ಮದು ಬ್ಯಾಟರಿ ಅಲ್ವಾ, ಇಂಜಿನ್ ರೇಟು ನಿಮಗ್ಯಾಕೆ?